ಮಾತು ಬಾರದವಳ ಒಪ್ಪಿಗೆ

ಅವಳ ಹೆಬ್ಬೆರಳಿಗೆ ಮಸಿ ಹಚ್ಚಿದವನು ನಮ್ಮ ಕಾಂಪೌಂಡರು. ಆ ಹೊತ್ತಿನಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹಲವರನ್ನು ಬೈಯಲಿದ್ದೇನೆ. ಬೈಸಿಕೊಳ್ಳುವವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವನು ಯಾರೆಂದು ಓದುವವರಿಗೆ ಗೊತ್ತಿರಲಿ.

ಐವತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ದಾನಿಯೊಬ್ಬರು ಕಟ್ಟಿಸಿದ್ದ ಸಣ್ಣದೊಂದು ಧರ್ಮಾಸ್ಪತ್ರೆಗೆ ನಾನೊಬ್ಬನೇ ಡಾಕ್ಟರು. ಎಂಟು ಮಂಚ, ಒಬ್ಬ ಕಾಂಪೌಂಡರು, ಒಬ್ಬ ನರ್ಸಮ್ಮ. ಗಾಯ ಹೊಲಿಯುತ್ತಿದ್ದೆವು, ಕುರು ಕೊಯ್ಯುತ್ತಿದ್ದೆವು, ಮುರಿದ ಮೂಳೆಗೆ ಪಟ್ಟಿ ಕಟ್ಟುತ್ತಿದ್ದೆವು. ಅದಕ್ಕಿಂತ ದೊಡ್ಡ ಕೆಲಸ ಬಂದರೆ ಚಾಮರಾಜನಗರದಲ್ಲಿ ಸ್ವಂತ ಆಸ್ಪತ್ರೆ ಇಟ್ಟುಕೊಂಡಿದ್ದ ಹಿರಿಯ ಸರ್ಜನ್ನರೊಬ್ಬರ ಬಳಿಗೆ ಕಳಿಸುತ್ತಿದ್ದೆವು. ಅವರದು ಒಂದೇ ಷರತ್ತು. ಒಪ್ಪಿಗೆ ಕಾಗದವಿಲ್ಲದೆ ರೋಗಿಯನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೇಗೂರಿನ ಕಡೆಯ ಹಳ್ಳಿಯಿಂದ ಒಂದು ಗಾಡಿ ಬಂತು. ಎತ್ತುಗಳ ಕೊರಳು ಬಿಚ್ಚುವ ಮೊದಲೇ ವಾಸನೆ ನನ್ನ ಮೇಜಿನ ತನಕ ಬಂದಿತ್ತು. ಹುಲ್ಲಿನ ಮೇಲೆ ಮಲಗಿಸಿದ್ದ ಹೆಂಗಸಿಗೆ ನಲವತ್ತರ ಹತ್ತಿರ ವಯಸ್ಸು. ಈರುಳ್ಳಿ ಹೊಲದಲ್ಲಿ ಗುದ್ದಲಿ ಜಾರಿ ಬಲಪಾದದ ಮೇಲೆ ಬಿದ್ದು ನಾಲ್ಕು ದಿನವಾಗಿತ್ತಂತೆ. ರಕ್ತ ನಿಲ್ಲಲಿ ಎಂದು ಸಗಣಿ ಮೆತ್ತಿ, ಸೊಪ್ಪು ಅರೆದು ಹಾಕಿ, ಹಳೆಯ ಸೀರೆಯ ಅಂಚಿನಿಂದ ಬಿಗಿದಿದ್ದರು. ಬಿಚ್ಚಿದೆವು. ನರ್ಸಮ್ಮ ಮುಖ ತಿರುಗಿಸಿ ಕಿಟಕಿ ಕಡೆಗೆ ಹೋದಳು. ಹದಿನೈದು ವರ್ಷದ ಅನುಭವದವಳು ಆಕೆ.

ಪಾದ ಕಪ್ಪಾಗಿ ಊದಿತ್ತು. ಮೇಲೆ ಬೆರಳಿಟ್ಟು ಒತ್ತಿದರೆ ಚರ್ಮದ ಕೆಳಗೆ ಗಾಳಿ ಚರಚರ ಎನ್ನುತ್ತಿತ್ತು. ಜ್ವರ ನೂರನಾಲ್ಕು, ನಾಡಿ ಎಣಿಸಲಾಗದಷ್ಟು ವೇಗ. ಕಣ್ಣು ತೆರೆದೇ ಇದ್ದವು, ಆದರೆ ಎದುರಿಗಿದ್ದವರನ್ನು ನೋಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದೆ, ಕೆನ್ನೆ ತಟ್ಟಿದೆ. ಮೇಕೆಗಳನ್ನು ಕರೆಯುವ ಹಾಗೆ ಏನೋ ಗೊಣಗಿದಳು, ಅಷ್ಟೇ.

ಗಾಯ ಅಗಲಿಸಿ ತೊಳೆದೆ, ಪೆನ್ಸಿಲಿನ್ ಕೊಟ್ಟೆ, ಮೂರು ಗಂಟೆಗೊಮ್ಮೆ ಮತ್ತೆ ಕೊಡಲು ನರ್ಸಮ್ಮನಿಗೆ ಹೇಳಿದೆ. ಆಮೇಲೆ ಹತ್ತಿಯನ್ನು ನೇರಳೆ ಔಷಧದಲ್ಲಿ ಅದ್ದಿ, ಕೊಳೆತ ಚರ್ಮ ಮುಗಿದು ಒಳ್ಳೆಯದು ಶುರುವಾಗುವ ಜಾಗದಲ್ಲಿ ಕಾಲಿನ ಸುತ್ತ ಒಂದು ಗೆರೆ ಎಳೆದೆ. ಅದು ಪಾದದ ಗಿಣ್ಣಿಗಿಂತ ನಾಲ್ಕು ಬೆರಳು ಮೇಲಿತ್ತು. ಲೆಕ್ಕ ಸರಳ. ಅವತ್ತೇ ಕತ್ತರಿಸಿದರೆ ಮಂಡಿ ಉಳಿಯುತ್ತದೆ. ಮಂಡಿ ಉಳಿದರೆ ಮರದ ಕಾಲು ಕಟ್ಟಿಕೊಂಡು ಹೊಲದ ಬದುವಿನ ಮೇಲಾದರೂ ನಡೆಯಬಹುದು. ಕೊಳೆ ಮಂಡಿ ದಾಟಿದರೆ ತೊಡೆಯಲ್ಲಿ ಕತ್ತರಿಸಬೇಕು. ತೊಡೆಯನ್ನೂ ದಾಟಿದರೆ ಕತ್ತರಿಸುವುದಕ್ಕೆ ಏನೂ ಇರುವುದಿಲ್ಲ.

ಗಾಡಿಯ ಜೊತೆ ಬಂದಿದ್ದವರು ಮೂವರು. ತೀರಿಕೊಂಡ ಗಂಡನ ತಮ್ಮ, ಅಂದರೆ ಅವಳ ಮೈದುನ. ಮೈದುನನ ಹೆಂಡತಿ. ಇನ್ನೊಬ್ಬಳು ಅವಳ ಮುಯ್ಯಾಳು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು ಎಂದು ಕೂಲಿಯಿಲ್ಲದೆ ದುಡಿಯುವ ಜೊತೆಗಾತಿಗೆ ಅಲ್ಲಿ ಹಾಗೆನ್ನುತ್ತಾರೆ. ಅವಳು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಅವಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೈದುನನನ್ನು ಕರೆದು ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಕಾಲ್ ಕುಯ್ದ್ಬುಟ್ರೆ ಆಮ್ಯಾಕ ನೋಡ್ಕಳರ್ಯಾರು ಸ್ವಾಮಿ? ಮಕ್ಕಳಾ ಮರಿಯಾ? ದೇವ್ರು ಕರ್ಕಂಡ್ರೆ ಕರ್ಕಳ್ಳಿ ಬುಡಿ. ಅವ್ಳಿಗೂ ವಾಸಿ."

"ನಿನಗೆ ವಾಸಿಯೋ, ಅವಳಿಗೋ?" ಎಂದೆ. ಬಾಯಿ ಸುಮ್ಮನಿರಲಿಲ್ಲ.

"ನಾನೊಬ್ಬ ಏಳಾಕಾಯ್ತದಾ? ನಮ್ ಕುಲದ ಯಜಮಾನ್ರ ಕೇಳ್ಬೇಕು" ಎಂದು ಹೇಳಿ ಅವನು ಗಾಡಿ ಕಟ್ಟಿಕೊಂಡು ಹೊರಟ.

ಮಧ್ಯಾಹ್ನದ ಬಸ್ಸಿಗೆ ಅವಳ ಅಣ್ಣ ಬದನಗುಪ್ಪೆಯಿಂದ ಬಂದ. ಸುದ್ದಿ ಹೇಗೆ ಮುಟ್ಟಿತೋ ಗೊತ್ತಿಲ್ಲ. ಬಂದವನು ತಂಗಿಯ ಮುಖ ನೋಡಿ ಗೊಳೋ ಎಂದು ಅತ್ತ. ನನಗೆ ಸ್ವಲ್ಪ ಸಮಾಧಾನವಾಯಿತು. ಸದ್ಯ, ಕರುಳಿರುವ ಒಬ್ಬನಾದರೂ ಬಂದನಲ್ಲ ಎಂದುಕೊಂಡೆ.

"ಕುಯ್ದ್ಬುಡಿ ಸ್ವಾಮಿ, ನನ್ ತಂಗಿ ಉಳ್ಕಂಡ್ರೆ ಸಾಕು" ಎಂದ.

ಕಾಗದ ಮುಂದಿಟ್ಟೆ. ಅಳು ಅಲ್ಲಿಗೇ ನಿಂತಿತು. ಎರಡು ಕೈಯನ್ನೂ ಪಂಚೆಯೊಳಕ್ಕೆ ಸೇರಿಸಿಕೊಂಡ.

"ಹೆಬ್ಬೆಟ್ಟ ಮಾತ್ರ ಕೇಳ್ಬ್ಯಾಡಿ. ಎಚ್ಚುಕಮ್ಮಿ ಆದ್ರೆ ಅವ್ಳ ಮೈದ್ನ ಊರೆಲ್ಲ ಸಾರ್ತಾನ, ಅಣ್ಣನೇ ಕುಯ್ಸಿ ಸಾಯಿಸ್ದ ಅಂತ. ನೀವ್ ಕುಯ್ರಿ. ನಾ ಬ್ಯಾಡ ಅನ್ನಕ್ಕಿಲ್ಲ."

ಮೈದುನ ತಿರುಗಿ ಬಂದು ಯಜಮಾನರ ತೀರ್ಪು ಹೇಳಿದ. ಇಬ್ಬರೂ ಒಪ್ಪಿದರೆ ಆಗಬಹುದು, ಒಪ್ಪದಿದ್ದರೆ ಬೇಡ ಎಂದಿದ್ದರಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಎಂಟು ಮೈಲಿ ಗಾಡಿ ಓಡಿಸಿದ್ದ ಪುಣ್ಯಾತ್ಮ. ಅವಳ ಹೆಸರಿನಲ್ಲಿ ಗಂಡನ ಪಾಲಿನ ಎರಡು ಎಕರೆ ಇತ್ತೆಂಬುದು, ಅವಳು ಇರುವ ತನಕ ಅದು ಅವಳದು, ಆಮೇಲೆ ಮೈದುನನದೆಂಬುದು ನನಗೆ ತಿಳಿದದ್ದೇ ಆಗ, ಅವರಿಬ್ಬರ ಜಗಳದಿಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಗಾಡಿಯಲ್ಲಿದ್ದದ್ದು ಮಾತ್ರ ಒಂದು ಹೆಂಗಸಿನ ಜೀವ. ನೇರಳೆ ಗೆರೆಯನ್ನು ನೋಡಿದೆ. ಕೊಳೆ ಅದನ್ನು ಎರಡು ಬೆರಳು ದಾಟಿತ್ತು.

ಕಾಂಪೌಂಡರು ನನ್ನನ್ನು ಔಷಧದ ಕೋಣೆಗೆ ಕರೆದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನಾಲ್ಕು ಡಾಕ್ಟರುಗಳ ಕೈಕೆಳಗೆ ಪಳಗಿದವನು.

"ಸಾರ್, ಇವರ ಬಾಯಿ ನೋಡ್ತಾ ಕೂತ್ರೆ ಹೆಣ ಎತ್ತಬೇಕಾಗ್ತದೆ. ಹಿಂದಿನವರು ಮಾಡ್ತಿದ್ದ ಹಾಗೆ ಮಾಡಿಬಿಡೋಣ. ಈಯಮ್ಮನದೇ ಹೆಬ್ಬೆಟ್ಟು ಒತ್ತಿಸಿದರಾಯ್ತು. ರೋಗಿಯೇ ಒಪ್ಪಿದ ಮೇಲೆ ಯಾರನ್ನು ಕೇಳೋದು?"

"ಪ್ರಜ್ಞೆ ಇಲ್ಲವಲ್ಲಯ್ಯ."

"ಕಾಗದಕ್ಕೆ ಅದು ಗೊತ್ತಾಗ್ತದಾ ಸಾರ್?"

ಇದಕ್ಕೆ ನಾನು ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಒಳ್ಳೆಯದಕ್ಕೇ ತಾನೇ, ಜೀವ ಉಳಿಸುವುದಕ್ಕೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಜೊತೆಗಾತಿಯನ್ನು ಬಿಸಿನೀರು ತರಲು ಕಳಿಸಿದೆವು. ಕಾಂಪೌಂಡರು ಮಸಿಯ ಡಬ್ಬಿ ತಂದ, ನಾನು ಮಣಿಕಟ್ಟು ಹಿಡಿದೆ. ಕೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ಬೆರಳು ಎಳೆದ ಕಡೆಗೆಲ್ಲ ಬಂತು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದ ಒಪ್ಪಿಗೆಯ ಕಾಗದದ ಕೆಳಗೆ ಹೆಬ್ಬೆಟ್ಟು ಅಚ್ಚುಕಟ್ಟಾಗಿ ಮೂಡಿತು. ಚಾಮರಾಜನಗರಕ್ಕೆ ಹೊರಟಿದ್ದ ಈರುಳ್ಳಿ ಲಾರಿಯೊಂದನ್ನು ನಿಲ್ಲಿಸಿಕೊಂಡು ಬರಲು ಆಳು ಕಳಿಸಿ ನಾನು ಕೈ ತೊಳೆದುಕೊಂಡೆ.

ಲಾರಿ ಬಾಗಿಲಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಮೈದುನನ ಹೆಂಡತಿ ಅವಳ ಬಾಯಿಗೆ ನೀರು ಬಿಡಲು ಹೋದವಳು ಕಿಟಾರನೆ ಕಿರುಚಿಕೊಂಡಳು.

"ಅಯ್ಯಯ್ಯೋ! ಹೆಬ್ಬೆಟ್ಟು ಒತ್ತಿಸ್ಕಂಡವ್ರಲ್ಲಪ್ಪೋ! ಬೆಳ್ಳ್ ನೋಡ್ರಪ್ಪೋ, ಬೆಳ್ಳಾ!"

ಆ ಸೀಮೆಯಲ್ಲಿ ಸಾಯುತ್ತಿರುವವರ ಹೆಬ್ಬೆರಳಿನಲ್ಲಿ ಮಸಿ ಕಂಡರೆ ಅದಕ್ಕೆ ಒಂದೇ ಅರ್ಥ. ಜಮೀನು ಬರೆಸಿಕೊಂಡಿದ್ದಾರೆ. ಮೈದುನ ಅವಳ ಅಣ್ಣನ ಕೊರಳಪಟ್ಟಿಗೆ ಕೈ ಹಾಕಿದ. "ಲೇ, ಅಳ್ತಾ ಬಂದು ಕೆಲ್ಸ ಮುಗಿಸ್ಕಂಡ್ಬುಟ್ಟಾ? ಕಾಗ್ದ ಈಚ್ಗ ತಗಿಲಾ!" ಅಣ್ಣ ಅವನ ಜುಟ್ಟು ಹಿಡಿದ. "ನನ್ಗಿಂತ ಮೊದ್ಲು ಇಲ್ಲಿದ್ದನು ನೀನು ಕಣ್ಲಾ! ನೀನೇ ಒತ್ತಿಸ್ಕಂಡು ನನ್ ಮ್ಯಾಲ ಆಕ್ತೀಯಾ?" ಇಬ್ಬರೂ ಹೊರಳಾಡಿದ್ದು ಆ ಮಂಚದ ಪಕ್ಕದಲ್ಲೇ. ಮಂಚ ಅಲ್ಲಾಡಿತು, ಅವಳು ನರಳಿದಳು. ಇಬ್ಬರಲ್ಲಿ ಒಬ್ಬನೂ ಆ ಕಡೆ ತಿರುಗಿ ನೋಡಲಿಲ್ಲ. ಥೂ, ಎಂಥ ಜನ ಎಂದು ಈಗಲೂ ಬಾಯಿಗೆ ಬರುತ್ತದೆ. ಕಾಲು ಕೊಳೆತು ನಾರುತ್ತಿತ್ತು. ಅದು ಅವರ ಕಣ್ಣಿಗೂ ಬೀಳಲಿಲ್ಲ, ಮೂಗಿಗೂ ಬಡಿಯಲಿಲ್ಲ. ಉಗುರಿನ ಅಂಚಿನ ಒಂದು ಚೂರು ಮಸಿ ಕಂಡಿತು.

ನಾನು ಮಧ್ಯೆ ನುಗ್ಗಿ, ಒತ್ತಿಸಿಕೊಂಡವನು ನಾನು, ಇದು ಆಸ್ಪತ್ರೆಯ ಕಾಗದ ಎಂದೆ. ಕಾಗದ ತೋರಿಸಿದ್ದೇ ತಪ್ಪಾಯಿತು. ಇಂಗ್ಲಿಷ್ ಅಕ್ಷರ, ಕೆಳಗೆ ಹೆಬ್ಬೆಟ್ಟು. ಡಾಕ್ಟರೂ ಪಾಲುದಾರ ಎಂದು ಅವರಿಬ್ಬರೂ ಕ್ಷಣದಲ್ಲಿ ಒಂದಾಗಿಬಿಟ್ಟರು. ಓದಬಲ್ಲವರು ಓದಿ ಹೇಳುವ ತನಕ ಹೆಣ ಕೂಡ ಈ ಬಾಗಿಲು ದಾಟುವುದಿಲ್ಲ ಎಂದು ಮೈದುನ ಲಾರಿಯ ಮುಂದೆ ಅಡ್ಡ ಮಲಗಿದ. ಡ್ರೈವರು ಅರ್ಧ ಗಂಟೆ ಕಾದ. ಸಾಮಾನು ತಲುಪಿಸುವ ಹೊತ್ತು ಮೀರುತ್ತದೆ ಎಂದು ಗೊಣಗಿ, ಲಾರಿ ಹಿಂದಕ್ಕೆ ತೆಗೆದುಕೊಂಡು ಹೋಗಿಯೇಬಿಟ್ಟ. ಮಂಡಿ ಉಳಿಸುವ ಕೊನೆಯ ಅವಕಾಶ ಹಾಗೆ ಹೋಯಿತು.

ಇಂಗ್ಲಿಷ್ ಬಲ್ಲ ಮೇಷ್ಟ್ರೊಬ್ಬರು ಶಾಲೆ ಮುಗಿಸಿಕೊಂಡು ಬರುವಷ್ಟರಲ್ಲಿ ಐದೂವರೆ. ಕನ್ನಡಕ ಏರಿಸಿ ಅವರು ಓದಿ ಹೇಳಿದರು.

"ಜಮೀನಿನ ವಿಷಯ ಇದರಲ್ಲಿ ಏನೂ ಇಲ್ಲಪ್ಪ. 'ನನಗೆ ಎಲ್ಲವನ್ನೂ ವಿವರವಾಗಿ ತಿಳಿಸಿದ್ದಾರೆ, ನಾನು ತಿಳಿದುಕೊಂಡಿದ್ದೇನೆ, ನನ್ನ ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ' ಅಂತಿದೆ. ಕೆಳಗೆ ಈಯಮ್ಮನ ಹೆಬ್ಬೆಟ್ಟು."

ಎಲ್ಲರೂ ಉಸಿರು ಬಿಟ್ಟರು. ಆಗ ನೆಲದಲ್ಲಿ ಕೂತಿದ್ದ ಜೊತೆಗಾತಿ ಮೊದಲ ಸಲ ಬಾಯಿ ತೆರೆದಳು.

"ಯಾವಾಗ್ ಸ್ವಾಮಿ ತಿಳ್ಸಿದ್ರಿ? ನಾ ಬೆಳಗಿಂದ ಇಲ್ಲೇ ಕುಂತಿವ್ನಿ. ಅವ್ಳು ನನ್ ಕುಟ್ಟೇ ಒಂದ್ ಮಾತಾಡ್ನಿಲ್ಲ. ನಿಮ್ ಕುಟ್ಟ ಯಾವಾಗ್ ಆಡುದ್ಲು?"

ಜಗಳವಾಡುವ ದನಿಯಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ತಾನು ಬಿಸಿನೀರಿಗೆ ಹೋದಾಗ ಗೆಳತಿ ಎಚ್ಚೆತ್ತು ಮಾತಾಡಿದಳೇನೋ ಎಂದು ಅವಳಿಗೆ ಆಸೆ ಹುಟ್ಟಿತ್ತು. ಮೇಷ್ಟ್ರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಕಾಂಪೌಂಡರು ಗೋಡೆ ನೋಡಿದ. ಆ ದಿನ ನನಗೆ ಹೇಸಿಗೆಯಾದದ್ದು ಅದೇ ಮೊದಲಲ್ಲ, ಆದರೆ ನನ್ನ ಮೇಲೆ ನನಗೇ ಹಾಗಾದದ್ದು ಮೊದಲು. ಕಾಗದವನ್ನು ಹರಿದು ಬುಟ್ಟಿಗೆ ಹಾಕಿದೆ.

ಗೋಡೆಗೆ ಒರಗಿ ನಿಂತು ಯೋಚಿಸಿದೆ. ಬೆಳಗಿನಿಂದ ನಾನು ಪ್ರತಿಯೊಬ್ಬನಿಗೂ 'ನೀನೇನು ಹೇಳುತ್ತೀಯ' ಎಂದೇ ಕೇಳುತ್ತಿದ್ದೆ. ಅವರವರು ಅವರವರಿಗೆ ಬೇಕಾದ್ದನ್ನು ಹೇಳುತ್ತಿದ್ದರು. ಅದರಲ್ಲಿ ಆಶ್ಚರ್ಯವೇನು? ತಪ್ಪಿದ್ದದ್ದು ನನ್ನ ಪ್ರಶ್ನೆಯಲ್ಲಿ. ಕಾಲು ಅವಳದು, ಸಾವು ಅವಳದು. ಬಾಯಿ ಬರದಿದ್ದರೆ ಅವಳ ಮಾತನ್ನು ಹುಡುಕಿ ತರಬೇಕು. ಅದರ ಜಾಗದಲ್ಲಿ ನಮ್ಮ ಮಾತು ಕೂರಿಸುವುದಲ್ಲ. ಕಾಲೇಜಿನಲ್ಲಿ ಯಾರೂ ಇದನ್ನು ಕಲಿಸಿರಲಿಲ್ಲ. ಮೂಳೆ ಗರಗಸ ಹಿಡಿಯುವುದು ಕಲಿಸಿದ್ದರು.

ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿ ಕೇಳಿದೆ. "ನಿಮಗೆ ಏನು ಬೇಕು ಅಂತ ನಾನು ಕೇಳುತ್ತಿಲ್ಲ. ಈಗ ಈಯಮ್ಮನಿಗೆ ಎಚ್ಚರವಿದ್ದು, ಕಾಲು ತೆಗೆದರೆ ಉಳಿಯುತ್ತೀಯ, ಇಲ್ಲದಿದ್ದರೆ ಇಲ್ಲ ಅಂತ ನಾನು ಹೇಳಿದ್ದರೆ, ಅವಳು ಏನು ಹೇಳುತ್ತಿದ್ದಳು?"

ಮೈದುನ ಮಿಕಿಮಿಕಿ ನೋಡಿದ. "ಅವ್ಳೇನ್ ಏಳ್ತಾಳ ಸ್ವಾಮಿ? ನಾವೇಳ್ದಂಗ ಏಳ್ತಾಳ" ಎಂದ. ಹತ್ತು ವರ್ಷ ಒಂದೇ ಮನೆಯಲ್ಲಿ ಉಂಡವನು. ಅಣ್ಣನಿಗೆ ತಂಗಿಯನ್ನು ನೋಡಿಯೇ ಮೂರು ವರ್ಷವಾಗಿತ್ತು. ಮೈದುನನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಜೊತೆಗಾತಿಯ ಕಡೆ ತಿರುಗಿದೆ. "ನಿನ್ನ ಹತ್ತಿರ ಯಾವತ್ತಾದರೂ ಇಂಥ ಮಾತು ಆಡಿದ್ದಳೇನಮ್ಮ? ನೆನಪು ಮಾಡಿಕೊಂಡು ಹೇಳು. ಅವಳು ಏನಂದಿದ್ದಳೋ ಅದನ್ನೇ ನಾನು ಬರೆದುಕೊಳ್ಳುತ್ತೇನೆ. ಅದರಂತೆಯೇ ನಡೆಯುತ್ತೇನೆ."

ಅವಳು ಬಹಳ ಹೊತ್ತು ಗೆಳತಿಯ ಮುಖವನ್ನೇ ನೋಡಿದಳು. ಆಮೇಲೆ ಎದ್ದು ನಿಂತಳು.

"ಅಂದಿದ್ಲು ಸ್ವಾಮಿ. ಬೇಗೂರ್ ಸಂತೇಲಿ ಕಾಲಿಲ್ದೇ ಇರೋನೊಬ್ಬ ವೀಳ್ಯದೆಲೆ ಮಾರ್ತಾನ. ಓದ್ ವರ್ಸ ಇಬ್ರೂ ಎಲೆ ತಕ್ಕಳಾಗ ಅವನ್ನ ನೋಡಿ ಅಂದ್ಲು, 'ಕಾಲಿಲ್ದಿದ್ರೆ ಯಾನಮ್ಮಿ, ಉಸ್ರದಲ್ಲ, ಕುಂತ್ಕಂಡೇ ಬಾಳ್ಬೋದು' ಅಂತ. ಇಂಗೇ ಅಂದ್ಲು. ನಾ ಕಿವ್ಯಾರ ಕೇಳಿವ್ನಿ."

ಬಿಳಿ ಹಾಳೆ ತೆಗೆದುಕೊಂಡು ಆ ಮಾತನ್ನು ಕನ್ನಡದಲ್ಲಿ, ಅವಳು ಆಡಿದ ಹಾಗೆಯೇ ಬರೆದೆ. ಎರಡು ಸಲ ಓದಿ ಹೇಳಿದೆ. ಜೊತೆಗಾತಿ ತಾನಾಗಿ ಹೆಬ್ಬೆಟ್ಟು ಮುಂದೆ ಚಾಚಿದಳು. ಅವತ್ತೆಲ್ಲ ಹಾಗೆ ಚಾಚಿದವಳು ಅವಳೊಬ್ಬಳೇ. ಮೇಷ್ಟ್ರು ಸಾಕ್ಷಿ ಹಾಕಿದರು.

"ಮುಯ್ಯಾಳ್ ಮಾತ್ಗೆಲ್ಲ ಕಾಲ್ ಕುಯ್ತಾರಾ? ನಾವ್ ಬಂಧುಗಳಲ್ವಾ?" ಎಂದು ಮೈದುನ ಎಗರಿದ.

"ಬಂಧು ಅನ್ನುವ ಮಾತು ಇನ್ನೊಂದು ಸಲ ಬಾಯಿಂದ ಬಂದರೆ ಹಲ್ಲು ಉದುರಿಸುತ್ತೇನೆ" ಎಂದೆ. ಡಾಕ್ಟರು ಆಡುವ ಮಾತಲ್ಲ, ಆದರೂ ಆಡಿದೆ.

ಅವನು ಮೆತ್ತಗಾದ. ಅಣ್ಣನ ಜೊತೆ ಪಿಸುಗುಟ್ಟಿ ಬಂದು, ಒಂದು ಕಾಗದ ಬರೆದುಕೊಟ್ಟರೆ ತಾವು ಅಡ್ಡ ಬರುವುದಿಲ್ಲ ಎಂದ. ಏನಂತ ಬರೆಯಬೇಕು ಎಂದರೆ, ಈ ಹೆಂಗಸಿನಿಂದ ಜಮೀನಿನ ಯಾವ ಪತ್ರಕ್ಕೂ ಹೆಬ್ಬೆಟ್ಟು ಪಡೆದಿಲ್ಲವೆಂದು. ಬರೆದುಕೊಟ್ಟೆ, ಎರಡು ಪ್ರತಿ. ತಲಾ ಒಂದೊಂದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದಾದ ಮೇಲೆ ಕಾಲು ಎಲ್ಲಿ ಕತ್ತರಿಸುತ್ತೀರಿ, ಉಳಿಯುತ್ತಾಳಾ ಎಂದು ಅವರಿಬ್ಬರೂ ಒಂದು ಮಾತು ಕೇಳಲಿಲ್ಲ.

ಆ ರಾತ್ರಿ ನಗರದ ಕಡೆಗೆ ಬೇರೆ ವಾಹನ ಸಿಗಲಿಲ್ಲ, ಬೆಳಗಿನ ಮೊದಲ ಲಾರಿಗೆ ಹೊರಟೆವು. ಮೂಟೆಗಳ ಮೇಲೆ ಹುಲ್ಲು ಹಾಸಿ ಅವಳನ್ನು ಮಲಗಿಸುವಾಗ ನೋಡುತ್ತೇನೆ, ಎರಡೂ ಕೈಗಳಿಗೆ ಮಣಿಕಟ್ಟಿನ ತನಕ ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದಾರೆ. ದಾರಿಯಲ್ಲಿ ಯಾರೂ ಹೆಬ್ಬೆಟ್ಟು ಒತ್ತಿಸಿಕೊಳ್ಳದಿರಲಿ ಎಂದು ಮೈದುನನ ಹೆಂಡತಿ ಮಾಡಿದ ಕೆಲಸ. ಗಾಯವಾದ ಕಾಲಿಗೆ ನಾಲ್ಕು ದಿನ ಕೊಳಕು ಚಿಂದಿ, ಏನೂ ಆಗದ ಕೈಗೆ ಒಗೆದ ಬಟ್ಟೆ! ಬಿಚ್ಚೋಣವೆಂದರೆ ಅಣ್ಣನೂ ಕೂಗಾಡಿದ. ಹೊತ್ತು ಕಳೆಯಲು ನನಗೆ ಧೈರ್ಯವಿರಲಿಲ್ಲ, ಹಾಗೆಯೇ ಬಿಟ್ಟೆ. ನೇರಳೆ ಗೆರೆ ಈಗ ಎಲ್ಲೋ ಕೆಳಗೆ ಉಳಿದಿತ್ತು. ಊತ ಮಂಡಿಗೆ ಮೂರು ಬೆರಳು ದೂರಕ್ಕೆ ಬಂದಿತ್ತು. ತೆರಕಣಾಂಬಿಯ ಹಾದಿಯಲ್ಲಿ ಲಾರಿ ಎತ್ತಿ ಹಾಕಿದಾಗಲೆಲ್ಲ ಜೊತೆಗಾತಿ ಆ ಕಾಲನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಸೀರೆಯೆಲ್ಲ ಕೀವು. ಅಣ್ಣ ಡ್ರೈವರಿನ ಪಕ್ಕ ಮುಂದೆ ಕೂತಿದ್ದ.

ನಗರದಲ್ಲಿ ಸರ್ಜನ್ನರು ಮೊದಲು ನೋಡಿದ್ದು ಕೈಗಳನ್ನು. "ಕೈಗೆ ಏನಾಗಿದೆ?" ಎಂದರು. ಹೇಳಿದೆ. ಕತ್ತರಿ ತರಿಸಿ ಗಂಟು ಕತ್ತರಿಸಿದರು. ಆಮೇಲೆ ನನ್ನ ಹಾಳೆ ಓದಿದರು.

"ಈ ಹೆಬ್ಬೆಟ್ಟಿನವಳು ರಕ್ತಸಂಬಂಧವೇನ್ರೀ?"

"ಅಲ್ಲ ಸಾರ್. ರೋಗಿಯ ಮಾತು ಗೊತ್ತಿರುವವಳು ಇವಳೊಬ್ಬಳೇ. ಉಳಿದವರಿಗೆ ಹೊಲದ ಚಕ್ಕುಬಂದಿ ಗೊತ್ತು."

"ಸತ್ತರೆ ನಿಮ್ಮ ಹೆಸರು ಬರೆಯುತ್ತೇನೆ."

"ಬರೆದುಕೊಳ್ಳಿ."

ಈಥರ್ ಕೊಟ್ಟವನು ನಾನು. ಮುಖದ ಮೇಲಿನ ಬಟ್ಟೆಗೆ ಹನಿಹನಿಯಾಗಿ ಬಿಡುತ್ತ ಉಸಿರು ಎಣಿಸುತ್ತಿದ್ದೆ. ತೊಡೆಯ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು, ಮಂಡಿಯಿಂದ ಗೇಣು ಮೇಲೆ ಸುತ್ತಲೂ ಒಂದೇ ಮಟ್ಟದಲ್ಲಿ ಕೊಯ್ದರು. ಮಾಂಸ ಕೆಂಪಗಿದೆಯೇ, ಚಿಮಟದಲ್ಲಿ ಹಿಡಿದರೆ ಅದುರುತ್ತದೆಯೇ ಎಂದು ನೋಡಿದರು. ಅದುರಿತು. ರಕ್ತನಾಳ ಕಟ್ಟಿ, ನರವನ್ನು ಎಳೆದು ಕತ್ತರಿಸಿ, ಗರಗಸ ಹಿಡಿದರು. ಗಾಯ ಹೊಲಿಯಲಿಲ್ಲ; ಸಲ್ಫಾ ಪುಡಿ ಉದುರಿಸಿ ತೆರೆದೇ ಬಿಟ್ಟರು. "ನಿನ್ನೆ ತಂದಿದ್ದರೆ ಮಂಡಿ ಉಳಿಸುತ್ತಿದ್ದೆನಲ್ರೀ" ಎಂದು ಕೈ ತೊಳೆಯುತ್ತ ಹೇಳಿದರು.

ಕತ್ತರಿಸಿದ ಕಾಲನ್ನು ಮಣ್ಣು ಮಾಡಬೇಕಿತ್ತು. ಆಯಾ ಅದನ್ನು ಚೀಲದಲ್ಲಿ ಸುತ್ತಿ ತಂದರೆ ಅಣ್ಣ ಮೂರು ಹೆಜ್ಜೆ ಹಿಂದೆ ಸರಿದ. ಮೈಲಿಗೆಯಂತೆ. ಜೊತೆಗಾತಿ ಕಂಕುಳಲ್ಲಿ ಇಟ್ಟುಕೊಂಡು, ಗುದ್ದಲಿ ಎರವಲು ಕೇಳಿ, ಹೋಗಿ ಹೂತು ಬಂದಳು. ಅಣ್ಣ ಮಧ್ಯಾಹ್ನದ ಬಸ್ಸಿಗೆ ಊರು ಸೇರಿದ.

ಅವಳು ಉಳಿದಳು. ಐದನೆಯ ದಿನ ಜ್ವರ ಇಳಿಯಿತು, ಹತ್ತನೆಯ ದಿನ ಸರ್ಜನ್ನರು ಗಾಯ ಹೊಲಿದರು. ಭಾನುವಾರಗಳಲ್ಲಿ ನಾನು ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಒಮ್ಮೆ ಮೈದುನನೂ ಅಲ್ಲಿದ್ದ, ಕೈಯಲ್ಲಿ ಬಾಳೆಹಣ್ಣು. ನನ್ನನ್ನು ಪಕ್ಕಕ್ಕೆ ಕರೆದು, "ಇಲ್ಲಿ ಬ್ಯಾರೆ ಯಾವ್ ಕಾಗ್ದಕ್ಕೂ ಒತ್ತಿಸ್ಕಂಡಿಲ್ವಲ್ಲ ಸ್ವಾಮಿ?" ಎಂದ. ಬಾಳೆಹಣ್ಣನ್ನು ಅವನ ಕೈಗೇ ತುರುಕಿ ಹೊರಗೆ ಕಳಿಸಿದೆ.

ಮೂರನೆಯ ಭಾನುವಾರ. ಅವಳು ದಿಂಬಿಗೆ ಒರಗಿ ಕೂತಿದ್ದಳು. ಎಲ್ಲವೂ ತಿಳಿಯುತ್ತಿತ್ತು, ಆದರೆ ಯಾರ ಜೊತೆಗೂ ಹೆಚ್ಚು ಮಾತಿಲ್ಲ ಎಂದು ಆಯಾ ಹೇಳಿದಳು. ಜೊತೆಗಾತಿ ಪಕ್ಕದಲ್ಲಿ ಗಂಜಿಯ ಪಾತ್ರೆ ತೊಳೆಯುತ್ತಿದ್ದಳು. ನನಗೊಂದು ಹುಕಿ ಬಂತು. ಆ ಹಾಳೆಯ ನಕಲೊಂದು ನನ್ನ ಜೇಬಿನಲ್ಲೇ ಇತ್ತು. ಇಡೀ ಹೊಲಸಿನಲ್ಲಿ ನಾನು ಮಾಡಿದ ಒಂದೇ ಶುದ್ಧವಾದ ಕೆಲಸ ಅದು ಎಂಬ ಹೆಮ್ಮೆ ಇತ್ತು. ನಾವ್ಯಾರೂ ನಮ್ಮಿಷ್ಟದಂತೆ ಮಾಡಲಿಲ್ಲ ಕಣಮ್ಮ, ನಿನ್ನ ಮಾತಿನಂತೆಯೇ ಮಾಡಿದೆವು ಎಂದು ಹೇಳಿ, ಹಾಳೆ ಬಿಚ್ಚಿ ಓದಿದೆ.

ಅವಳು ಕೊನೆಯ ತನಕ ಕೇಳಿದಳು.

"ಇದ್ಯಾರ್ ಮಾತು ಸ್ವಾಮಿ?"

"ನಿನ್ನ ಮಾತು. ಬೇಗೂರು ಸಂತೆಯಲ್ಲಿ ಆಡಿದ್ದು."

"ನಂದಲ್ಲ" ಎಂದಳು. "ಆ ಎಲೆ ಮಾರೋನ್ನ ನೋಡಿ ನಾ ಅಂದಿದ್ದು, 'ಇಂಗ್ ಕುಂತು ಬಾಳದ್ಕಿಂತ ಬಾವಿ ನೋಡ್ಕಳದು ವಾಸಿ ಕಣಮ್ಮಿ' ಅಂತ."

ಪಾತ್ರೆಯ ಸದ್ದು ನಿಂತಿತು. ನಾನು ಜೊತೆಗಾತಿಯ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ.

"ಊಂ ಕಣ. ಅಂಗೇ ಅಂದಿದ್ಲು" ಎಂದಳು. "ತಪ್ಪಾಯ್ತು ಸ್ವಾಮಿ. ಅವಳಂದಿದ್ನ ಏಳಿದ್ರೆ ನೀವ್ ಅದ್ನೇ ಬರ್ಕಂಡು, ಅಂಗೇ ಬುಟ್ಬುಡ್ತಿದ್ರಿ. ನೀವೇ ಅಂದ್ರಲ್ಲ, ಅದ್ರಂಗೇ ನಡೀತೀನಿ ಅಂತ. ನಂಗ ಇವ್ಳು ಬೇಕಾಗಿತ್ತು."

"ನಿಂಗ ಬೇಕಾಗಿತ್ತು" ಎಂದಳು ಮಂಚದವಳು. ದನಿ ಏರಲಿಲ್ಲ. "ನಂಗ ಬ್ಯಾಡಾಗಿತ್ತಲ್ಲಮ್ಮಿ."

ಜೊತೆಗಾತಿ ಪಾತ್ರೆಯನ್ನು ಒರೆಸಿ ಬೋರಲು ಹಾಕಿ, ಎದ್ದು ಬಂದು, ಎಂದಿನಂತೆ ಅವಳ ಬೆನ್ನಿನ ಹಿಂದಿನ ದಿಂಬು ಸರಿಮಾಡಿದಳು. ಅವಳು ಬೇಡ ಎನ್ನಲೂ ಇಲ್ಲ, ಒರಗಲೂ ಇಲ್ಲ.

ನನಗೆ ಆ ಕ್ಷಣ ನೆನಪಿಗೆ ಬಂದವನು ಮೈದುನ. ದೇವರು ಕರ್ಕಂಡ್ರೆ ಕರ್ಕಳ್ಳಿ, ಅವಳಿಗೂ ವಾಸಿ ಎಂದಿದ್ದ. ಎರಡು ಎಕರೆಯ ಆಸೆಗೆ ಅಂದ ಮಾತು. ಆದರೂ ಅವತ್ತು ಆ ಮಂಚದ ಸುತ್ತ ನಿಂತಿದ್ದವರಲ್ಲಿ ಅವಳ ಮನಸ್ಸಿನಲ್ಲಿದ್ದದ್ದನ್ನು ಅಂದವನು ಆ ಹೇಸಿಗೆಯವನೊಬ್ಬನೇ. ಅವಳನ್ನು ನಿಜವಾಗಿ ಬೇಕೆಂದುಕೊಂಡವಳು ಸುಳ್ಳು ಹೇಳಿದ್ದಳು. ಆ ಸುಳ್ಳಿಗೆ ಸಾಕ್ಷಿ ಹಾಕಿಸಿ, ಎರಡು ಸಲ ಓದಿ ಹೇಳಿ, ಅವಳ ಮಾತನ್ನು ಹುಡುಕಿ ತಂದೆನೆಂದು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದವನು ನಾನು. ಯಾರ ಮೇಲೆ ಉಗಿಯಬೇಕೋ ತಿಳಿಯಲಿಲ್ಲ.

ಆಗ ನಾನು ಒಂದು ಮಾತು ಕೇಳಬೇಕಿತ್ತು. ಅವತ್ತು ಬೇಡವಾಗಿತ್ತು, ಸರಿ. ಈಗ ಹೇಗನ್ನಿಸುತ್ತದಮ್ಮ ಎಂದು. ಅವಳಿಗೆ ಪ್ರಜ್ಞೆ ಇತ್ತು, ಬಾಯಿ ಇತ್ತು, ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಬ್ಬರನ್ನು ವಿಚಾರಿಸುವ ಅಗತ್ಯವೇ ಇರಲಿಲ್ಲ. ನಾನು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದುಬಿಟ್ಟೆ.